ಹಾಡಿಯ ರೋಗಿಗಳು ಮರಳಿ ಬರುತ್ತಿಲ್ಲ: ಕುಡುಗೋಲು ಕಣ ರೋಗದ ಚಿಕಿತ್ಸೆಯಲ್ಲಿ ನಾವು ಎಲ್ಲಿ ಎಡವುತ್ತಿದ್ದೇವೆ?

ಪ್ರಶ್ನೆ (ಕಾಡಂಚಿನ ವೈದ್ಯಾಧಿಕಾರಿ)

ಎಲ್ಲರಿಗೂ ನಮಸ್ಕಾರ. ಮೈಸೂರು ಜಿಲ್ಲೆಯ ಕಾಡಂಚಿನಲ್ಲಿರುವ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಾನು ವೈದ್ಯಾಧಿಕಾರಿಯಾಗಿ ಬಂದು ಒಂದೂವರೆ ವರ್ಷವಾಯಿತು. ಹುಟ್ಟಿ ಬೆಳೆದದ್ದು, ಓದಿದ್ದು ಎಲ್ಲವೂ ಕಲಬುರಗಿಯ ಕಡೆ. ನಮ್ಮ ಕೇಂದ್ರದ ವ್ಯಾಪ್ತಿಯಲ್ಲಿ ಜೇನುಕುರುಬರ ಮತ್ತು ಬೆಟ್ಟಕುರುಬರ ಹಲವು ಹಾಡಿಗಳು, ಅಂದರೆ ಆದಿವಾಸಿ ಕೇರಿಗಳು, ಇವೆ. ಈ ಸಮುದಾಯಗಳಲ್ಲಿ, ಹಾಗೆಯೇ ಚಾಮರಾಜನಗರದ ಸೋಲಿಗರಲ್ಲಿ ಮತ್ತು ಕೊಡಗಿನ ಯರವರಲ್ಲಿ, ಕುಡುಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್ ರಕ್ತಹೀನತೆ, ಕಂಡುಬರುತ್ತದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಇದರ ನಿರ್ಮೂಲನೆಗಾಗಿ ರಾಷ್ಟ್ರೀಯ ಅಭಿಯಾನ ಆರಂಭವಾದ ಮೇಲೆ, 40 ವರ್ಷದೊಳಗಿನವರ ರಕ್ತ ತಪಾಸಣೆ ನಮ್ಮ ನಿತ್ಯದ ಕೆಲಸವೇ ಆಗಿದೆ. ದೇಶದಲ್ಲಿ 7 ಕೋಟಿ ಜನರನ್ನು ತಪಾಸಣೆ ಮಾಡಬೇಕು, 2047ರೊಳಗೆ ರೋಗವನ್ನು ತೊಡೆಯಬೇಕು ಎಂಬುದು ಗುರಿ. ರಕ್ತ ತೆಗೆಯುವ ಕೆಲಸ ನಡೆಯುತ್ತಿದೆ. ಆದರೆ ರೋಗ ಪತ್ತೆಯಾದವರು ಎರಡನೆಯ ಸಲ ಬರುವುದಿಲ್ಲ.

ಒಂದು ಪ್ರಸಂಗ ಹೇಳುತ್ತೇನೆ. ಹತ್ತೊಂಬತ್ತರ ಹರೆಯದ ಒಬ್ಬ ಹೆಣ್ಣುಮಗಳು ಮೂರು ವರ್ಷಗಳಿಂದ ನಮ್ಮಲ್ಲಿಗೆ ಬಂದು ಹೋಗುತ್ತಿದ್ದರು. ಅವರ ತಾಯಿ ಹಳೆಯ ಚೀಟಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಇಟ್ಟಿದ್ದರು. ಹನ್ನೊಂದು ಚೀಟಿಗಳಿದ್ದವು. ಎಲ್ಲದರ ಮೇಲೂ "ಮೈಕೈ ನೋವು" ಎಂದು ಬರೆದು ನೋವಿನ ಇಂಜೆಕ್ಷನ್ ಕೊಟ್ಟು ಕಳಿಸಲಾಗಿತ್ತು. ಕೊನೆಯ ಎರಡು ಚೀಟಿಗಳಲ್ಲಿದ್ದ ಕೈಬರಹ ನನ್ನದೇ. ಕಣ್ಣು ಹಳದಿಯಾದಾಗ ಕಾಮಾಲೆ ಎಂದು ಊರಿನಲ್ಲಿ ನಾಟಿ ಔಷಧಿ ಕೊಡಿಸಿದ್ದರು. ಕೊನೆಗೆ ಎಚ್‌ಪಿಎಲ್‌ಸಿ ಎಂಬ, ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ತೋರಿಸುವ ರಕ್ತ ಪರೀಕ್ಷೆಯಲ್ಲಿ ರೋಗ ಖಚಿತವಾಯಿತು. ನಾನು ಇಪ್ಪತ್ತು ನಿಮಿಷ ಕೂರಿಸಿಕೊಂಡು ಎಲ್ಲವನ್ನೂ ವಿವರಿಸಿದೆ. ಅವರು ತಲೆ ತಗ್ಗಿಸಿಕೊಂಡೇ "ಆಯ್ತು ಸಾ" ಎಂದರು, ಗುಳಿಗೆ ತೆಗೆದುಕೊಂಡು ಹೋದರು, ಮತ್ತೆ ಬರಲಿಲ್ಲ. ನಾಲ್ಕು ತಿಂಗಳಾಯಿತು.

"ಅವರ ಸಂಸ್ಕೃತಿಯೇ ಹಾಗೆ ಸರ್, ದೇವರ ಕಾಟ ಅಂತ ಸುಮ್ಮನಾಗುತ್ತಾರೆ" ಎಂದು ಸಿಬ್ಬಂದಿ ಹೇಳುತ್ತಾರೆ. ಈ ಮಾತನ್ನು ಒಪ್ಪಿಕೊಳ್ಳಲು ನನಗೆ ಮನಸ್ಸಾಗುತ್ತಿಲ್ಲ. ಹನ್ನೊಂದು ಸಲ ಆಸ್ಪತ್ರೆಯ ಮೆಟ್ಟಿಲು ಹತ್ತಿದವರನ್ನು, ಚೀಟಿಗಳನ್ನು ಅಷ್ಟು ಜೋಪಾನವಾಗಿ ಇಟ್ಟುಕೊಂಡವರನ್ನು, ಚಿಕಿತ್ಸೆಯಲ್ಲಿ ನಂಬಿಕೆಯಿಲ್ಲದವರು ಎಂದು ಹೇಗೆ ಕರೆಯುವುದು? ಆದಿವಾಸಿಗಳ ನಡುವೆ ಕೆಲಸ ಮಾಡಿದವರು, ಅಥವಾ ಆ ಸಮುದಾಯದವರೇ ಇಲ್ಲಿದ್ದರೆ, ನಾನು ಎಲ್ಲಿ ತಪ್ಪಿದೆ ಎಂಬುದನ್ನು ದಯವಿಟ್ಟು ನೇರವಾಗಿ ತಿಳಿಸಿ.

ಉತ್ತರ 1 (ನಿವೃತ್ತ ಶುಶ್ರೂಷಕಿ)

ಡಾಕ್ಟರೇ, ನಾನು 31 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವಳು, ಅದರಲ್ಲಿ ಹದಿನಾಲ್ಕು ವರ್ಷ ಕಾಡಿನ ಸೆರಗಿನಲ್ಲೇ ಕಳೆದಿದ್ದೇನೆ. ನಿಮ್ಮ ಬರಹದಲ್ಲಿ ನನ್ನ ಕಣ್ಣು ನಿಂತದ್ದು "ಆಯ್ತು ಸಾ" ಎಂಬಲ್ಲಿ. ನಮ್ಮ ಕಡೆ ದೊಡ್ಡವರ ಎದುರು ನಿಂತು ಹೇಳುವ "ಆಯ್ತು" ಎಂದರೆ "ಅರ್ಥವಾಯಿತು" ಎಂದಲ್ಲ, "ಒಪ್ಪಿದೆ" ಎಂದೂ ಅಲ್ಲ. "ನಿಮ್ಮ ಮಾತು ಮುಗಿಯಿತಲ್ಲ, ನಾನಿನ್ನು ಹೋಗಬಹುದೇ" ಎಂದು ಮಾತ್ರ ಅದರ ಅರ್ಥ. ಇದನ್ನು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಆಮೇಲೆ ನಾನು ಒಂದು ರೂಢಿ ಮಾಡಿಕೊಂಡೆ. ಹೇಳುವುದನ್ನೆಲ್ಲ ಹೇಳಿದ ಮೇಲೆ, "ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕಮ್ಮ. ಈಗ ಮನೆಗೆ ಹೋದರೆ ನಿಮ್ಮ ಅತ್ತೆ, ಡಾಕ್ಟರು ಏನಂದರು ಅಂತ ಕೇಳುತ್ತಾರಲ್ಲ, ಅವರಿಗೆ ಏನು ಹೇಳುತ್ತೀರಿ?" ಎಂದು ಕೇಳುತ್ತಿದ್ದೆ. ಪರೀಕ್ಷೆ ಅವರಿಗಲ್ಲ, ನನಗೆ ಎಂಬುದು ಮಾತಿನಲ್ಲೇ ತಿಳಿಯಬೇಕು. ಒಮ್ಮೆ ಒಬ್ಬ ಬಾಣಂತಿ, "ರಕ್ತದಲ್ಲಿ ಕುಡುಗೋಲು ಐತಂತೆ, ಒಳಗೊಳಗೇ ಕೊಯ್ತದಂತೆ, ಮಗ ಉಳಿಯಾಕಿಲ್ಲವಂತೆ" ಎಂದು ಹೇಳಿದ್ದನ್ನು ಕೇಳಿ ನನ್ನ ಎದೆ ಧಸಕ್ಕೆಂದಿತು. ನಾವು ಹೇಳಿದ್ದು ರಕ್ತಕಣದ ಆಕಾರವನ್ನು, ಅವರಿಗೆ ಮುಟ್ಟಿದ್ದು ಕೊಯ್ಯುವ ಕತ್ತಿ. ಅಂದಿನಿಂದ ನಾನು ಆ ಹೋಲಿಕೆಯನ್ನೇ ಬಿಟ್ಟುಬಿಟ್ಟೆ. "ರಕ್ತದ ಕಣಗಳು ದುಂಡಗೆ, ಮೆತ್ತಗೆ ಇರಬೇಕು, ಕೆಲವರಲ್ಲಿ ಅವು ಬಾಗಿ ಗಟ್ಟಿಯಾಗುತ್ತವೆ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಆಗ ನೋವು ಬರುತ್ತದೆ" ಎಂದು ಹೇಳಿದರೆ ಸಾಕು. ನೀರು ಹರಿಯುವ ಕಾಲುವೆಯಲ್ಲಿ ಕಸ ಸಿಕ್ಕಿಕೊಂಡಂತೆ ಎಂದರೆ ಮಕ್ಕಳಿಗೂ ತಿಳಿಯುತ್ತದೆ.

ಇನ್ನೊಂದು ಸಂಗತಿಯನ್ನು ಗಮನಿಸಿ. ಹಾಡಿಯಲ್ಲಿ ಮೊದಲು ಮಾಡುವ ಸಾಲ್ಯುಬಿಲಿಟಿ ಪರೀಕ್ಷೆ ಪಾಸಿಟಿವ್ ಬಂದರೆ, ಆ ವ್ಯಕ್ತಿ ಬರೀ ವಾಹಕರೋ (ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಈ ದೋಷ ಬಂದು, ತಾವು ರೋಗಿಯಾಗದವರು) ಅಥವಾ ರೋಗಿಯೋ ಎಂಬುದು ಅದರಿಂದ ತಿಳಿಯುವುದಿಲ್ಲ. ಎಚ್‌ಪಿಎಲ್‌ಸಿ ವರದಿ ಬರುವ ತನಕ ಯಾರನ್ನೂ ರೋಗಿ ಎನ್ನುವಂತಿಲ್ಲ. ಆದರೆ ಶಿಬಿರದ ಗದ್ದಲದಲ್ಲಿ ಯಾರೋ ಒಬ್ಬರು "ಇವಳಿಗೆ ಐತೆ" ಎಂದು ಎಲ್ಲರ ಎದುರಿಗೇ ಕೂಗಿಬಿಡುತ್ತಾರೆ. ಆ ಹುಡುಗಿ ವಾಹಕಳಷ್ಟೇ ಆಗಿದ್ದರೂ ಹಾಡಿಯ ಬಾಯಿಯಲ್ಲಿ ಅವಳು ರೋಗಿಯೇ. ಆಮೇಲೆ ನೀವು ಎಷ್ಟು ತಿದ್ದಿದರೂ ಆ ಮಾತು ಹೋಗುವುದಿಲ್ಲ.

ಕೊನೆಯದಾಗಿ ಏಕವಚನ. ನಿಮ್ಮ ಕೇಂದ್ರದ ಚೀಟಿ ಬರೆಯುವ ಕಿಟಕಿಯ ಬಳಿ ಅರ್ಧ ಗಂಟೆ ಸುಮ್ಮನೆ ನಿಂತು ಕೇಳಿ. ಊರಿನ ಗೌಡರ ಮನೆಯವರು ಬಂದರೆ "ಬನ್ನಿ, ಏನಾಗಬೇಕಿತ್ತು" ಎನ್ನುವ ಬಾಯಿಯೇ ಹಾಡಿಯ ಅಜ್ಜಿಗೆ "ಏ, ಆ ಕಡೆ ನಿಂತ್ಕೋ" ಎನ್ನುವುದು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ನಿಮ್ಮ ಕೊಠಡಿಯಲ್ಲಿ ನೀವು ಇಪ್ಪತ್ತು ನಿಮಿಷ ಕೊಟ್ಟಿರಿ, ಸಂತೋಷ. ಆದರೆ ನಿಮ್ಮ ಕೊಠಡಿಗೆ ಬರುವಷ್ಟರಲ್ಲಿ ಅವರು ಎಷ್ಟು ಕಿಟಕಿಗಳನ್ನು ದಾಟಿ ಬಂದಿರುತ್ತಾರೆ!

ಉತ್ತರ 2 (ಹಾಡಿಯ ಆರೋಗ್ಯ ಕಾರ್ಯಕರ್ತೆ)

ನಾನು ಜೇನುಕುರುಬರ ಹುಡುಗಿ. ನಮ್ಮ ಹಾಡಿಯಲ್ಲಿ ಪಿಯುಸಿ ಮುಗಿಸಿದ ಮೊದಲ ಹೆಣ್ಣುಮಗಳು ನಾನೇ, ಈಗ ಆರೋಗ್ಯ ಕಾರ್ಯಕರ್ತೆಯಾಗಿ ಕೆಲಸ ಮಾಡುತ್ತಿದ್ದೇನೆ. ಡಾಕ್ಟರ್ ಅವರು ನೇರವಾಗಿ ತಿಳಿಸಿ ಎಂದು ಕೇಳಿದ್ದಾರೆ, ಅದಕ್ಕಾಗಿ ಬರೆಯುತ್ತಿದ್ದೇನೆ.

ಆ ಅಕ್ಕ ಬಂದು ಹೋದದ್ದು ಯಾವ ತಿಂಗಳು ಎಂದು ನೀವು ಹೇಳಲಿಲ್ಲ. ದೀಪಾವಳಿಯ ಆಸುಪಾಸಿನಲ್ಲಾಗಿದ್ದರೆ, ಅವರು ಈಗ ಕೊಡಗಿನಲ್ಲಿ ಇರುತ್ತಾರೆ. ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ ನಮ್ಮ ಹಾಡಿಗಳ ಅರ್ಧಕ್ಕರ್ಧ ಮನೆಗಳಿಗೆ ಬೀಗ ಬಿದ್ದಿರುತ್ತದೆ. ಮೇಸ್ತ್ರಿ ಜೀಪು ತಂದು ಕರೆದುಕೊಂಡು ಹೋಗುತ್ತಾನೆ, ಮುಂಗಡ ಕೊಟ್ಟಿರುತ್ತಾನೆ, ತೋಟದ ಲೈನ್ ಮನೆಯಲ್ಲಿ ಎರಡು ಮೂರು ತಿಂಗಳು ಇರಬೇಕು. ನಡುವೆ ಒಂದು ದಿನ ಬಿಟ್ಟು ಬಂದರೆ ಆ ದಿನದ ಕೂಲಿ ಹೋಗುತ್ತದೆ, ಬಸ್ಸಿನ ದುಡ್ಡು ಬೇರೆ. ನಿಮ್ಮ ಪುಸ್ತಕದಲ್ಲಿ "ಚಿಕಿತ್ಸೆ ಬಿಟ್ಟವರು" ಎಂದು ಬರೆದಿರುವವರಲ್ಲಿ ಎಷ್ಟು ಜನ ಆ ಹೊತ್ತಿನಲ್ಲಿ ಊರಿನಲ್ಲೇ ಇದ್ದರು ಎಂದು ಒಮ್ಮೆ ನೋಡಿ. ಇನ್ನೂ ಒಂದು ಮಾತು. ಹೊತ್ತಾರೆ ಮಂಜಿನಲ್ಲಿ ನೆನೆದು, ಬಿಸಿಲಿನಲ್ಲಿ ನೀರು ಕುಡಿಯಲು ಬಿಡುವಿಲ್ಲದೆ ದುಡಿದರೆ ಈ ನೋವು ಹೆಚ್ಚುತ್ತದೆ. ಚಳಿ ಮತ್ತು ನೀರಡಿಕೆ ಈ ಕಾಯಿಲೆಗೆ ಆಗುವುದಿಲ್ಲ ಎಂದು ತರಬೇತಿಯಲ್ಲಿ ನನಗೂ ಹೇಳಿಕೊಟ್ಟಿದ್ದಾರೆ. ಅಂದರೆ ಅವರಿಗೆ ಔಷಧಿ ಅತಿ ಹೆಚ್ಚು ಬೇಕಾಗುವ ಕಾಲದಲ್ಲೇ ಅವರು ನಿಮ್ಮ ಆಸ್ಪತ್ರೆಯಿಂದ ಅತಿ ದೂರದಲ್ಲಿ ಇರುತ್ತಾರೆ.

ದೇವರ ವಿಷಯ. ನಾವು ದೇವರನ್ನು ಕೇಳುತ್ತೇವೆ, ಅದು ಸುಳ್ಳಲ್ಲ. ನನ್ನ ಅಜ್ಜಿ ಈಗಲೂ ನೋವು ಬಂದರೆ ಮೊದಲು ದೇವರ ಕೆಲಸ ಮಾಡುವ ನಮ್ಮ ಗುಡ್ಡನನ್ನು ಕರೆಸುತ್ತಾಳೆ, ಅವನು ಬಂದು ಹಾಡಿ ಹೋದ ಮೇಲೆ ಗುಳಿಗೆಯನ್ನೂ ನುಂಗುತ್ತಾಳೆ. ಅವಳಿಗೆ ಎರಡರ ನಡುವೆ ಜಗಳವೇ ಇಲ್ಲ. ಜಗಳ ಇರುವುದು, "ಅಲ್ಲಿಗೆ ಹೋದರೆ ಇಲ್ಲಿಗೆ ಬರಬೇಡ" ಎಂದು ಆಸ್ಪತ್ರೆಯವರು ಗದರಿದಾಗ. ಗದರಿದರೆ ಅವಳು ಹೋಗುವುದನ್ನು ನಿಲ್ಲಿಸುವುದಿಲ್ಲ, ನಿಮಗೆ ಹೇಳುವುದನ್ನು ನಿಲ್ಲಿಸುತ್ತಾಳೆ.

ರಕ್ತ ಕೊಡಲು ಹೆದರುತ್ತಾರೆ ಎಂಬ ಮಾತೂ ಇದೆ. ನಾಗರಹೊಳೆ, ಬಂಡೀಪುರದ ಕಾಡುಗಳಿಂದ ನಮ್ಮ ಹಿರಿಯರನ್ನು ಹೊರಗೆ ಕಳಿಸಿದ್ದು 1972ರ ವನ್ಯಜೀವಿ ಕಾಯ್ದೆ ಬಂದ ನಂತರದ ವರ್ಷಗಳಲ್ಲಿ. ಜೀಪಿನಲ್ಲಿ ಬಂದವರು ಹೆಸರು ಬರೆದುಕೊಂಡು, ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ ಮೇಲೆ ಏನಾಯಿತು ಎಂಬುದು ನಮ್ಮ ಮುದುಕರಿಗೆ ನೆನಪಿದೆ. ಈಗಲೂ ಜೀಪು ಬರುತ್ತದೆ, ಹೆಸರು ಬರೆದುಕೊಳ್ಳುತ್ತಾರೆ, ಜೊತೆಗೆ ರಕ್ತವನ್ನೂ ತೆಗೆದುಕೊಳ್ಳುತ್ತಾರೆ. ವರದಿ ಬರಲು ವಾರಗಳೇ ಹಿಡಿಯುತ್ತವೆ, ಕೆಲವರಿಗೆ ಬರುವುದೇ ಇಲ್ಲ. ನಮ್ಮ ರಕ್ತ ಎಲ್ಲಿಗೆ ಹೋಯಿತು ಎಂದು ಅವರು ಕೇಳಿದರೆ, ಅದನ್ನು ಮೂಢನಂಬಿಕೆ ಎನ್ನಬೇಡಿ. ಅದು ಕೇಳಬೇಕಾದ ಪ್ರಶ್ನೆ.

ಏಕವಚನದ ಬಗ್ಗೆ ಅಮ್ಮ ಬರೆದದ್ದು ನೂರಕ್ಕೆ ನೂರು ನಿಜ. "ನೀವೂ ಎಲ್ಲರಿಗೂ ನೀನು ಅಂತಲೇ ಅಂತೀರಲ್ಲ" ಎಂದು ನನಗೆ ಸಿಬ್ಬಂದಿಯೊಬ್ಬರು ಹೇಳಿದ್ದರು. ಹೌದು, ನಾವು ಒಬ್ಬರಿಗೊಬ್ಬರು ಹಾಗೆಯೇ ಮಾತನಾಡುತ್ತೇವೆ, ಅದು ನಮ್ಮ ಸಲಿಗೆ. ಆದರೆ ಪಕ್ಕದಲ್ಲಿ ನಿಂತವರಿಗೆ "ನೀವು" ಎಂದು, ನಮಗೆ ಮಾತ್ರ "ನೀನು" ಎಂದಾಗ ಅದು ಸಲಿಗೆಯಲ್ಲ ಎಂಬುದು ನಮಗೆ ತಿಳಿಯುತ್ತದೆ.

ಉತ್ತರ 3 (ಹೊರನಾಡಿನ ವೈದ್ಯೆ, ಅಮೆರಿಕ)

ನಾನು ಹಾಸನದ ಕಡೆಯವಳು, ಇಲ್ಲಿ ರಕ್ತರೋಗ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ನನ್ನ ರೋಗಿಗಳಲ್ಲಿ ಹೆಚ್ಚಿನವರು ಇದೇ ಕಾಯಿಲೆಯ ಕಪ್ಪು ಅಮೆರಿಕನ್ನರು. ಡಾಕ್ಟರ್ ಬರೆದ ಹನ್ನೊಂದು ಚೀಟಿಗಳ ಕತೆಯನ್ನು ಓದಿದಾಗ, ಇಲ್ಲಿಯ ರೋಗಿಗಳ ಮುಖಗಳೇ ಕಣ್ಣ ಮುಂದೆ ಬಂದವು.

ವೈದ್ಯಕೀಯ ಬರಹದಲ್ಲಿ ಈ ರೋಗವನ್ನು ಮೊದಲು ವರ್ಣಿಸಿದ್ದು 1910ರಲ್ಲಿ, ಶಿಕಾಗೋದ ವೈದ್ಯ ಜೇಮ್ಸ್ ಹೆರಿಕ್. ರೋಗಿ ಗ್ರೆನಡಾ ದ್ವೀಪದಿಂದ ಓದಲು ಬಂದಿದ್ದ ತರುಣ. ಭಾರತದಲ್ಲಿ ಇದು ಮೊದಲು ವರದಿಯಾದದ್ದು 1952ರಲ್ಲಿ, ನಿಮ್ಮ ಪಕ್ಕದ ನೀಲಗಿರಿಯ ಆದಿವಾಸಿಗಳಲ್ಲಿ. ಅಂದಿನಿಂದ ಇಂದಿನವರೆಗೆ ಎರಡೂ ಕಡೆಗಳಲ್ಲಿ ಈ ರೋಗಿಗಳಿಗೆ ಒದಗಿದ ಪಾಡು ಒಂದೇ: ಅವರ ನೋವನ್ನು ಯಾರೂ ನಂಬುವುದಿಲ್ಲ. ಇಲ್ಲಿ ತುರ್ತು ವಿಭಾಗಕ್ಕೆ ಬಂದು ಬಲವಾದ ನೋವುನಿವಾರಕ ಕೇಳಿದರೆ, ಅಮಲಿಗಾಗಿ ನಾಟಕವಾಡುತ್ತಿದ್ದಾರೆ ಎಂಬ ಅನುಮಾನ. ಅಲ್ಲಿ ಕೂಲಿಯ ಮೈಕೈ ನೋವು ಎಂಬ ತಾತ್ಸಾರ. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದವರು 222 ಬಿಳಿಯ ವೈದ್ಯಕೀಯ ವಿದ್ಯಾರ್ಥಿಗಳು ಮತ್ತು ಕಿರಿಯ ವೈದ್ಯರನ್ನು ಕೇಳಿದಾಗ, ಕಪ್ಪು ಜನರ ಚರ್ಮ ದಪ್ಪ ಎಂಬಂತಹ ಸುಳ್ಳು ನಂಬಿಕೆಗಳಲ್ಲಿ ಒಂದನ್ನಾದರೂ ಸುಮಾರು ಅರ್ಧದಷ್ಟು ಜನ ನಿಜವಿರಬಹುದು ಎಂದರು. ಅಂಥ ನಂಬಿಕೆಯಿದ್ದವರು ಕಪ್ಪು ರೋಗಿಯ ನೋವನ್ನು ಕಡಿಮೆ ಎಂದು ಅಂದಾಜು ಮಾಡಿದರು. "ಕಾಡಿನವರು ಗಟ್ಟಿ, ಅವರಿಗೆ ನೋವು ತಡೆಯುವ ಶಕ್ತಿ ಹೆಚ್ಚು" ಎಂದು ನಾನೇ ಹೌಸ್ ಸರ್ಜನ್ ಆಗಿದ್ದಾಗ ಕೇಳಿದ್ದೇನೆ. ಆಗ ತುಟಿ ಬಿಚ್ಚದೆ ಇದ್ದದ್ದು ನನ್ನನ್ನು ಈಗಲೂ ಬಾಧಿಸುತ್ತದೆ.

ಈ ರೋಗಿ ನೋವೆಂದು ಬಂದರೆ ಒಂದು ಗಂಟೆಯೊಳಗೆ ನೋವುನಿವಾರಕ ಕೊಡಬೇಕು, ಅರ್ಧ ಗಂಟೆಯಿಂದ ಒಂದು ಗಂಟೆಗೊಮ್ಮೆ ಮತ್ತೆ ವಿಚಾರಿಸಬೇಕು ಎಂಬುದು ಇಲ್ಲಿಯ ರಕ್ತರೋಗ ತಜ್ಞರ ಸಂಘವು 2020ರಲ್ಲಿ ಕೊಟ್ಟ ಮಾರ್ಗಸೂಚಿ. ನಿಮ್ಮ ಕೇಂದ್ರದಲ್ಲಿ ಎಲ್ಲ ಔಷಧಿಗಳೂ ಇರಲಾರವು. ಆದರೆ ಸಾಲಿನಲ್ಲಿ ನಿಲ್ಲಿಸದೆ ಒಳಗೆ ಕರೆಯುವುದು, ಕಂಬಳಿ ಹೊದಿಸುವುದು, ನೀರು ಕುಡಿಸುವುದು, ಇರುವ ಔಷಧಿಯನ್ನು ಕೂಡಲೇ ಕೊಟ್ಟು, ಜ್ವರ ಅಥವಾ ಎದೆನೋವಿದ್ದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳಿಸುವುದು ಸಾಧ್ಯವಿದೆ. ರಕ್ತ ಕಡಿಮೆ ಎಂದ ಮಾತ್ರಕ್ಕೆ ಕಬ್ಬಿಣದ ಗುಳಿಗೆಯನ್ನು ಕಣ್ಣುಮುಚ್ಚಿ ಬರೆಯಬೇಡಿ. ಕಬ್ಬಿಣದ ಕೊರತೆಯೂ ಇದೆಯೇ ಎಂದು ನೋಡಿಯೇ ಕೊಡಬೇಕು. ನೋವು ಪದೇ ಪದೇ ಬರುವುದನ್ನು ಕಡಿಮೆ ಮಾಡುವ ಹೈಡ್ರಾಕ್ಸಿಯೂರಿಯಾ ಔಷಧಿ ಶುರುಮಾಡಿದರೆ ಆಗಾಗ ರಕ್ತಕಣಗಳ ಎಣಿಕೆ ಆಗಬೇಕು, ಬಸಿರಾಗುವ ಯೋಚನೆ ಇದ್ದರೆ ಮೊದಲೇ ತಿಳಿಸಬೇಕು. ಹತ್ತೊಂಬತ್ತರ ಹೆಣ್ಣುಮಗಳಿಗೆ ಈ ಮಾತನ್ನು ಗಂಡಸರಿಲ್ಲದ ಕಡೆ, ಹೆಣ್ಣುಮಕ್ಕಳೇ ಹೇಳಿದರೆ ಒಳ್ಳೆಯದು.

ನೀವು ಕೇಳುತ್ತಿರುವುದಕ್ಕೆ ಇಲ್ಲಿ "ಸಾಂಸ್ಕೃತಿಕ ಸಾಮರ್ಥ್ಯ" ಎಂಬ ಹೆಸರಿದೆ. 1989ರಲ್ಲಿ ಟೆರ್ರಿ ಕ್ರಾಸ್ ಮತ್ತು ಅವರ ಜೊತೆಗಾರರು ಇದರ ಬಗ್ಗೆ ಬರೆದ ಮೇಲೆ ಆಸ್ಪತ್ರೆಗಳಲ್ಲಿ ತರಬೇತಿಗಳು ಹುಟ್ಟಿಕೊಂಡವು. ಅವುಗಳಲ್ಲಿ ಕೆಲವು, ಇಂಥ ಜನಾಂಗದವರು ಹೀಗೆ, ಅಂಥವರು ಹಾಗೆ ಎಂಬ ಪಟ್ಟಿಗಳಾಗಿಬಿಟ್ಟವು. ಅದರಿಂದ ಬೇಸತ್ತ ಮೆಲಾನಿ ಟರ್ವಲಾನ್ ಮತ್ತು ಜಾನ್ ಮರ್ರೆ-ಗಾರ್ಸಿಯಾ ಎಂಬ ವೈದ್ಯೆಯರು 1998ರಲ್ಲಿ "ವಿನಯ" ಎಂಬ ಪದವನ್ನು ಮುಂದಿಟ್ಟರು: ಬೇರೆಯವರ ಸಂಸ್ಕೃತಿಯನ್ನು ಪೂರ್ತಿ ಕಲಿತು ಮುಗಿಸಿದೆ ಎನ್ನಲಾಗದು, ನನ್ನ ನಡವಳಿಕೆಯನ್ನು ನಾನು ನೋಡಿಕೊಳ್ಳುತ್ತಲೇ ಇರಬೇಕು ಎಂಬುದು ಅವರ ವಾದ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಸಮುದಾಯದ ದಾದಿ ಇರಿಹಪೇಟಿ ರಾಮ್ಸ್‌ಡೆನ್ ಅವರ ಆಲೋಚನೆ. ಆರೈಕೆ ಸುರಕ್ಷಿತವಾಗಿತ್ತೇ ಇಲ್ಲವೇ ಎಂದು ಹೇಳಬೇಕಾದವರು ಆರೈಕೆ ಪಡೆದವರೇ ಹೊರತು ಕೊಟ್ಟವರಲ್ಲ ಎಂದು ಅವರು ಹೇಳಿದರು. 1992ರಲ್ಲಿ ಅಲ್ಲಿಯ ಶುಶ್ರೂಷಾ ಮಂಡಳಿ ಅದನ್ನು ದಾದಿಯರ ಶಿಕ್ಷಣಕ್ಕೆ ಸೇರಿಸಿಕೊಂಡಿತು. ಮೇಲಿನ ಉತ್ತರವನ್ನು ಬರೆದ ಹುಡುಗಿಯೂ ಇದನ್ನೇ ಹೇಳಿದ್ದಾಳೆ, ಯಾವ ತರಬೇತಿಯೂ ಇಲ್ಲದೆ.

ಉತ್ತರ 4 (ಪ್ರಯೋಗಾಲಯ ತಂತ್ರಜ್ಞ, ಚಾಮರಾಜನಗರ)

ಮಾತು ಚೆನ್ನಾಗಿ ನಡೆಯುತ್ತಿದೆ, ಆದರೆ ನನ್ನದೊಂದು ಆಕ್ಷೇಪವಿದೆ. ವೈದ್ಯರು ಮೃದುವಾಗಿ ಮಾತನಾಡಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಭಾವನೆ ಬರಬಾರದು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದಾಗ, ಆರೋಗ್ಯದ ಜೊತೆಗೆ ಶಾಲೆ, ಕಸುಬು ಮತ್ತು ಸೋಲಿಗರ ಹಕ್ಕುಗಳನ್ನೂ ಕೈಗೆತ್ತಿಕೊಂಡರು. ಸೋಲಿಗ ಹೆಣ್ಣುಮಕ್ಕಳೇ ಆರೋಗ್ಯ ಕಾರ್ಯಕರ್ತೆಯರಾಗಿ ಪೋಡುಗಳಿಗೆ, ಅಂದರೆ ಸೋಲಿಗರ ಹಾಡಿಗಳಿಗೆ, ಹೋಗುವಂತಾದದ್ದು ಅದರ ಫಲ. ಹೊರಗಿನಿಂದ ಬಂದ ವೈದ್ಯರು ವರ್ಗವಾಗಿ ಹೋಗುತ್ತಾರೆ, ಪೋಡಿನ ಹುಡುಗಿ ಅಲ್ಲೇ ಇರುತ್ತಾಳೆ. ಆದ್ದರಿಂದ ಮೊದಲು ಕೇಳಬೇಕಾದದ್ದು, ನಿಮ್ಮ ಕೇಂದ್ರದಲ್ಲಿ ಆದಿವಾಸಿ ಸಮುದಾಯದ ಸಿಬ್ಬಂದಿ ಎಷ್ಟು ಜನ ಇದ್ದಾರೆ ಎಂಬುದನ್ನು.

ಮದುವೆಯ ಸಲಹೆಯ ಬಗ್ಗೆಯೂ ಒಂದು ಎಚ್ಚರಿಕೆ. "ಸೋದರಿಕೆಯಲ್ಲಿ ಮದುವೆಯಾಗಬೇಡಿ" ಎಂದಷ್ಟೇ ಹೇಳಿ ಕಳಿಸುವವರನ್ನು ನೋಡಿದ್ದೇನೆ. ಅದು ನೋಯಿಸುತ್ತದೆ, ಅರೆಬರೆ ಮಾತೂ ಹೌದು; ಸಂಬಂಧದಲ್ಲಿಲ್ಲದ, ಅದೇ ಸಮುದಾಯದ ಇಬ್ಬರು ವಾಹಕರು ಮದುವೆಯಾದರೂ ಅಪಾಯ ಅಷ್ಟೇ ಇರುತ್ತದೆ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಇದನ್ನು ಜನ "ನಾಲ್ಕು ಮಕ್ಕಳಲ್ಲಿ ಒಂದಕ್ಕೆ" ಎಂದು ತಿಳಿದು, ಮೊದಲನೆಯದಕ್ಕೆ ಬಂತು, ಇನ್ನು ಮೂರಕ್ಕೆ ಭಯವಿಲ್ಲ ಎಂದುಕೊಳ್ಳುತ್ತಾರೆ. ನಾವು ಎರಡು ಬಟ್ಟಲು ಇಟ್ಟು, ಒಂದೊಂದರಲ್ಲೂ ಒಂದು ಬಿಳಿ ಅವರೆ, ಒಂದು ಕಪ್ಪು ಅವರೆ ಬೀಜ ಹಾಕಿ, ಗಂಡ ಒಂದರಿಂದ, ಹೆಂಡತಿ ಇನ್ನೊಂದರಿಂದ ಕಣ್ಣುಮುಚ್ಚಿ ಒಂದೊಂದು ಬೀಜ ತೆಗೆಯುವಂತೆ ಹೇಳುತ್ತೇವೆ. ಎರಡೂ ಕಪ್ಪು ಬಂದರೆ ರೋಗ, ಒಂದು ಕಪ್ಪು ಬಂದರೆ ವಾಹಕ. ಪ್ರತಿ ಸಲವೂ ಬೀಜಗಳನ್ನು ಬಟ್ಟಲಿಗೆ ಮರಳಿ ಹಾಕಿಸಬೇಕು, ಗುಟ್ಟು ಇರುವುದು ಅಲ್ಲೇ.

ವಾಹಕರಿಗೆ ಇದನ್ನೂ ಹೇಳಿ: ಆ ಒಂದು ಬೀಜ ಇದ್ದವರನ್ನು ಮಾರಕ ಮಲೇರಿಯಾ ಅಷ್ಟು ಸುಲಭವಾಗಿ ಕೊಲ್ಲುವುದಿಲ್ಲ. ಆಂಟನಿ ಆಲಿಸನ್ ಇದನ್ನು 1954ರಲ್ಲಿ ಆಫ್ರಿಕಾದಲ್ಲಿ ತೋರಿಸಿಕೊಟ್ಟರು. ಕಾಡಿನ ಜ್ವರದಿಂದ ನಿಮ್ಮ ಹಿರಿಯರನ್ನು ಉಳಿಸಿದ್ದು ಇದೇ ಎಂದು ಹೇಳಿದಾಗ, ಕೆಟ್ಟ ರಕ್ತ ಎಂದು ಕುಗ್ಗಿ ಕುಳಿತವರು ತಲೆ ಎತ್ತಿ ನೋಡುವುದನ್ನು ನಾನು ಕಂಡಿದ್ದೇನೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಚೀಟಿ ಕಿಟಕಿಯ ಬಳಿ ನಿಂತು ಕೇಳಿದೆ. ಅಮ್ಮ ಹೇಳಿದಂತೆಯೇ ಇತ್ತು. ನಮ್ಮ ಕಡೆ "ಬರ್ರಿ, ಕೂಡ್ರಿ" ಎಂದೇ ಮಾತನಾಡಿ ರೂಢಿಯಾದ ನನಗೆ ಒಂದೂವರೆ ವರ್ಷ ಅದು ಕಿವಿಗೆ ಬೀಳದೆ ಹೋದದ್ದು ಹೇಗೆ ಎಂದು ನಾಚಿಕೆಯಾಯಿತು. ಸಿಬ್ಬಂದಿಯನ್ನು ಕೂರಿಸಿಕೊಂಡು ಮಾತನಾಡಿದ್ದೇನೆ. ಇಬ್ಬರು ಒಪ್ಪಿದರು, ಒಬ್ಬರು ಸಿಟ್ಟಾದರು.

ಆಶಾ ಕಾರ್ಯಕರ್ತೆಯ ಜೊತೆ ಆ ಹಾಡಿಗೂ ಹೋಗಿ ಬಂದೆ. ಮನೆಗೆ ಬೀಗ ಹಾಕಿತ್ತು. ಊಹಿಸಿದಂತೆಯೇ ತಾಯಿ ಮಗಳಿಬ್ಬರೂ ಕೊಡಗಿನ ತೋಟದಲ್ಲಿದ್ದಾರೆ, ಯುಗಾದಿಗೆ ಮರಳುತ್ತಾರಂತೆ. ಪಕ್ಕದ ಮನೆಯ ಹುಡುಗನ ಫೋನಿನಿಂದ ಅವರೊಂದಿಗೆ ಮಾತನಾಡಿದೆ. ಗುಳಿಗೆ ಮುಗಿದು ಮೂರು ತಿಂಗಳಾಗಿದೆ. "ಅಲ್ಲಿಯ ಆಸ್ಪತ್ರೆಗೆ ಹೋಗಿ" ಎಂದೆ. "ನಮ್ಮ ಚೀಟಿ ಅಲ್ಲಿ ನಡೀತದಾ ಸಾ?" ಎಂದು ಕೇಳಿದರು. ವರದಿಯ ಪ್ರತಿಯನ್ನು ಆ ತೋಟದ ಸಮೀಪದ ಕೇಂದ್ರದ ವೈದ್ಯರಿಗೆ ಕಳಿಸಿದ್ದೇನೆ, ಅವರು ನೋಡಿಕೊಳ್ಳಲು ಒಪ್ಪಿದ್ದಾರೆ. ಪುಸ್ತಕದಲ್ಲಿದ್ದ "ಚಿಕಿತ್ಸೆ ಬಿಟ್ಟವರು" ಎಂಬ ಅಂಕಣದ ಪಕ್ಕದಲ್ಲಿ "ಈಗ ಎಲ್ಲಿದ್ದಾರೆ" ಎಂಬ ಇನ್ನೊಂದು ಅಂಕಣ ಎಳೆದಿದ್ದೇನೆ. ಹದಿನೇಳು ಹೆಸರುಗಳಲ್ಲಿ ಹನ್ನೆರಡು ಜನ ಕೂಲಿಗೆ ಹೋದವರು.

ಹಾಡಿಯ ಕಾರ್ಯಕರ್ತೆಯವರಲ್ಲಿ ಒಂದು ಕೋರಿಕೆ. ಯುಗಾದಿಯ ಹೊತ್ತಿಗೆ ಎಲ್ಲರೂ ಊರಿಗೆ ಬಂದಾಗ ಅವರೆ ಬೀಜದ ಬಟ್ಟಲುಗಳೊಂದಿಗೆ ಹಾಡಿಯಲ್ಲೇ ಕುಳಿತು ಮಾತನಾಡಬೇಕೆಂದಿದ್ದೇನೆ. ನೀವು ಬಂದು ನಿಮ್ಮ ನುಡಿಯಲ್ಲಿ ಹೇಳಿಕೊಡಬಹುದೇ? ಪಕ್ಕದಲ್ಲಿ ಕುಳಿತು ನಾನು ಕೇಳಿಸಿಕೊಳ್ಳುತ್ತೇನೆ.

ಹಾಡಿಯ ಆರೋಗ್ಯ ಕಾರ್ಯಕರ್ತೆ

ಬರುತ್ತೇನೆ ಸರ್. ಹಬ್ಬದ ದಿನ ಬೇಡ, ಮರುದಿನವೂ ಬೇಡ, ಮೂರನೆಯ ದಿನ ಇಟ್ಟುಕೊಳ್ಳಿ. ಬೆಳಗ್ಗೆ ಗಂಡಸರು ಸಿಗುವುದಿಲ್ಲ, ಸಂಜೆ ಐದರ ಮೇಲೆ ಎಲ್ಲರೂ ಇರುತ್ತಾರೆ. ಆದರೆ ನಮ್ಮ ಕಡೆಗೆ ಕೊನೆಯ ಬಸ್ಸು ಆರಕ್ಕೆ ಹೋಗಿಬಿಡುತ್ತದೆ, ರಾತ್ರಿ ನನ್ನನ್ನು ಮನೆಗೆ ಬಿಡಿಸುವ ಏರ್ಪಾಡು ಮಾಡಬೇಕು. ಆ ಅಕ್ಕನಿಗೆ ಮೊದಲೇ ಫೋನ್ ಮಾಡಿ, ಎಲ್ಲರ ಎದುರು ಅವರ ಹೆಸರು ಹೇಳಬಹುದೇ ಎಂದು ಕೇಳಿಕೊಳ್ಳಿ.